ಹೊಗಳದ ಮನೆಯ ಲಾಂಗ್ ಸ್ನ್ಯಾಪರ್

ನನ್ನ ಅಕ್ಕನ ಮಗ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮಾಡುವ ಕೆಲಸವನ್ನು ಮೈಸೂರಿನ ನಂಟರಿಗೆ ವಿವರಿಸುವುದು ಕಷ್ಟ. ಅವನು ಚೆಂಡು ಹಿಡಿದು ಓಡುವುದಿಲ್ಲ, ದೂರಕ್ಕೆ ಎಸೆಯುವುದಿಲ್ಲ, ಒದೆಯುವುದೂ ಇಲ್ಲ. ತಂಡ ಚೆಂಡನ್ನು ಒದೆಯಬೇಕಾಗಿ ಬಂದಾಗ ಮಾತ್ರ ಮೈದಾನಕ್ಕೆ ಇಳಿಯುತ್ತಾನೆ. ಬಗ್ಗಿ ನಿಂತು, ತನ್ನ ಎರಡು ಕಾಲುಗಳ ನಡುವಿನಿಂದ, ಹದಿನೈದು ಗಜ ಹಿಂದೆ ಕಾಯುತ್ತಿರುವ ಒದೆಯುವವನ ಕೈಗೆ ಚೆಂಡನ್ನು ರೊಯ್ಯನೆ ಕಳಿಸುತ್ತಾನೆ. ಮರುಕ್ಷಣ ಎದುರು ತಂಡದ ಇಬ್ಬರೋ ಮೂವರೋ ಅವನ ಮೇಲೆ ಬೀಳುತ್ತಾರೆ. ಎದ್ದು ಮೈ ಕೊಡವಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾನೆ. ಇಂಥವನನ್ನು ಲಾಂಗ್ ಸ್ನ್ಯಾಪರ್ ಎನ್ನುತ್ತಾರೆ, ಅವನು ಹಾಗೆ ಚೆಂಡು ಕಳಿಸುವುದನ್ನು ಸ್ನ್ಯಾಪ್ ಎನ್ನುತ್ತಾರೆ. ಕೆಲಸ ಸರಿಯಾಗಿ ಆದರೆ ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಧ್ವನಿವರ್ಧಕದಲ್ಲಿ ಹೆಸರು ಬರುತ್ತದೆ.

ನಾನು ಮೈಸೂರಿನಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ, ಬೇರೆಯವರ ವರದಿ ತಿದ್ದುತ್ತ, ಕೆಲವು ವರ್ಷ ಕೆಲಸ ಮಾಡಿದವಳು. ಅಲ್ಲಿಯೂ ಹೆಚ್ಚು ಕಡಿಮೆ ಇದೇ ನಿಯಮ. ಹಾಗಾಗಿ ಮನೆಯವರಿಗಿಂತ ಮೊದಲು ನನಗೆ ಅವನ ಆಟ ಅರ್ಥವಾಯಿತು.

ಅವನು ಇದನ್ನು ಕಲಿತದ್ದು 2020ರಲ್ಲಿ, ಶಾಲೆಗಳು ಮುಚ್ಚಿದ್ದಾಗ, ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿರುವ ಅಕ್ಕನ ಮನೆಯ ಹಿತ್ತಲಿನಲ್ಲಿ. ಚೆಂಡು ಹಿಡಿಯಲು ಬೇರೆ ಯಾರೂ ಇರಲಿಲ್ಲ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಭಾವ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೇಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮೀಟಿಂಗ್‌ನಲ್ಲಿ ತಮ್ಮ ಮಾತು ಬಂದಾಗ ಕೈ ಎತ್ತುತ್ತಿದ್ದರು, ಹುಡುಗ ನಿಲ್ಲಿಸುತ್ತಿದ್ದ. ಮಾತು ಮುಗಿದ ಮೇಲೆ ಕೈ ಇಳಿಸುತ್ತಿದ್ದರು, ಮತ್ತೆ ಚೆಂಡು ಬರುತ್ತಿತ್ತು. ಆ ಬೇಸಿಗೆಯಲ್ಲಿ ಭಾವನ ಎರಡು ಬೆರಳಿಗೆ ಸದಾ ಪಟ್ಟಿ ಇರುತ್ತಿತ್ತು. ಅದರ ಬಗ್ಗೆ ಯಾರಾದರೂ ಕೇಳಿದರೆ, "ಇವನಿಗೆ ನೇರವಾಗಿ ಎಸೆಯೋಕೆ ಬರಲ್ಲ, ಅದಕ್ಕೇ" ಎನ್ನುತ್ತಿದ್ದರು. ಚೆಂಡು ಅಷ್ಟು ಜೋರಾಗಿ ಬರುತ್ತಿತ್ತು ಎಂಬುದೇ ನಿಜವಾದ ಕಾರಣ.

ನಾಲ್ಕು ವರ್ಷ ಕಳೆದವು. ಹುಡುಗ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದ. ಅಮೆರಿಕದಲ್ಲಿ ಕಾಲೇಜುಗಳು ಆಟಗಾರರನ್ನು ಹೈಸ್ಕೂಲಿನಿಂದಲೇ ಆರಿಸಿಕೊಳ್ಳುತ್ತವೆ. ಹುಡುಗರು ತಮ್ಮ ಆಟದ ವಿಡಿಯೊ ಕಳಿಸುತ್ತಾರೆ, ಕೋಚ್‌ಗಳು ಬಂದು ನೋಡುತ್ತಾರೆ, ಇಷ್ಟವಾದರೆ ಮನೆಗೂ ಬಂದು ಕೂತು ಮಾತಾಡುತ್ತಾರೆ. ಆಟಗಾರರಿಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡುವ ವೆಬ್‌ಸೈಟುಗಳೂ ಇವೆ. ಲಾಂಗ್ ಸ್ನ್ಯಾಪರ್‌ಗಳಿಗೆ ಸ್ಟಾರ್ ಸಿಗುವುದು ಅಪರೂಪ, ಕಾಲೇಜಿನಲ್ಲಿ ಜಾಗ ಸಿಗುವುದೂ ಅಪರೂಪ. ಒಬ್ಬ ಒಳ್ಳೆಯ ಸ್ನ್ಯಾಪರ್ ಸಿಕ್ಕರೆ ಆ ಕಾಲೇಜು ಅವನು ಓದು ಮುಗಿಸುವವರೆಗೂ ಇನ್ನೊಬ್ಬನನ್ನು ಹುಡುಕುವುದಿಲ್ಲ.

ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ವಾಷಿಂಗ್ಟನ್ ಬಳಿಯ ಒಂದು ಕಾಲೇಜು. ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರಿನದಲ್ಲ, ಆದರೆ ಎಂಜಿನಿಯರಿಂಗ್ ಚೆನ್ನಾಗಿತ್ತು, ಅಲ್ಲಿನ ಸ್ನ್ಯಾಪರ್ ಆ ವರ್ಷವೇ ಓದು ಮುಗಿಸುತ್ತಿದ್ದ. ಕೋಚ್ ಇಬ್ಬರನ್ನು ಆಯ್ದಿಟ್ಟುಕೊಂಡಿದ್ದರು. ಒಬ್ಬ ಇವನು, ಇನ್ನೊಬ್ಬ ನಾರ್ತ್ ಕ್ಯಾರೊಲೈನಾದ ಹುಡುಗ. ಜಾಗ ಒಂದೇ. ಬೇರೆ ಯಾವ ಕಾಲೇಜಿನಿಂದಲೂ ಇವನಿಗೆ ಕರೆ ಬಂದಿರಲಿಲ್ಲ. ಇದು ತಪ್ಪಿದರೆ ಆಟ ಹೈಸ್ಕೂಲಿಗೇ ಮುಗಿಯುತ್ತಿತ್ತು.

ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಆ ಕೋಚ್ ಅಕ್ಕನ ಮನೆಗೆ ಬಂದರು. ಹಬ್ಬಕ್ಕೆಂದು ಹೋಗಿದ್ದ ನಾನು ಅದನ್ನು ನೋಡಿಯೇ ಹೊರಡೋಣವೆಂದು ಉಳಿದುಕೊಂಡಿದ್ದೆ. ಮೈಸೂರಿನಿಂದ ಬಂದಿದ್ದ ನಮ್ಮ ಅಮ್ಮನೂ ಅಲ್ಲೇ ಇದ್ದರು. ಅಕ್ಕ ಕೋಡುಬಳೆ ಕರಿದಿದ್ದಳು, ಕೇಸರಿಬಾತ್ ಮಾಡಿದ್ದಳು. ಬಾಗಿಲ ತುಂಬ ಇದ್ದ ಆ ಮನುಷ್ಯ ಮೆಟ್ಟಿಲ ಬಳಿ ಸಾಲಾಗಿದ್ದ ಚಪ್ಪಲಿಗಳನ್ನು ನೋಡಿ, ಯಾರೂ ಹೇಳದೆಯೇ ಶೂ ಬಿಚ್ಚಿದರು. ಒಂದು ಕಾಲುಚೀಲ ಹೆಬ್ಬೆರಳ ಹತ್ತಿರ ತೂತಾಗಿತ್ತು. ಅಕ್ಕ ನನ್ನ ಕಿವಿಯಲ್ಲಿ, "ಒಳ್ಳೇ ಮನುಷ್ಯ ಕಣೇ" ಎಂದಳು.

ಮುಂದಿನದು ಇಂಗ್ಲಿಷಿನಲ್ಲಿ ನಡೆದ ಮಾತು. ಅರ್ಥ ಬದಲಿಸದೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೋಚ್ ಮೊದಲು ಅಕ್ಕನನ್ನು ಕೇಳಿದರು: "ಮನೇಲಿ ಹೇಗೆ ಇವನು?"

"ಅಯ್ಯೋ, ಶುದ್ಧ ಸೋಮಾರಿ. ಬೆಳಿಗ್ಗೆ ಎಬ್ಬಿಸೋದೇ ಒಂದು ಯುದ್ಧ. ಅವನ ರೂಮು ನೀವು ನೋಡಬಾರದು."

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಗ್ಯಾರೇಜಿನಲ್ಲಿ ತೂಕ ಎತ್ತುತ್ತಿದ್ದವನು ಅವನೇ. ಆ ಸದ್ದಿಗೇ ಅಕ್ಕ ಎದ್ದು ಕಾಫಿಗೆ ಇಡುತ್ತಿದ್ದಳು.

ಕೋಚ್ ನಕ್ಕರು. ಆಮೇಲೆ ಭಾವನ ಕಡೆ ತಿರುಗಿದರು. "ಒಂದು ಸ್ನ್ಯಾಪ್ ಕೆಟ್ಟುಹೋದರೆ ಹೇಗೆ ತಗೊಳ್ತಾನೆ? ನನಗೆ ಅದೇ ಮುಖ್ಯ."

ಭಾವ ಕುರ್ಚಿಯ ತುದಿಗೆ ಬಂದು ಕೂತರು. "ಸ್ವಲ್ಪ ಹೆದರ್ತಾನೆ. ಇನ್ನೂ ಹುಡುಗು ಬುದ್ಧಿ. ಅಂಥ ವಿಶೇಷ ಏನಿಲ್ಲ ಅವನಲ್ಲಿ. ನೀವೇ ತಿದ್ದಬೇಕು ಸರ್."

ಮಗುವನ್ನು ಶಾಲೆಗೆ ಸೇರಿಸುವಾಗ ತಂದೆ ಮೇಷ್ಟರಿಗೆ ಹೇಳುವ ಮಾತು ಇದು. ನಮ್ಮ ಹುಡುಗ ದಡ್ಡ, ನಿಮ್ಮ ಕೈಗೆ ಒಪ್ಪಿಸಿದ್ದೇವೆ. ಭಾವನ ತಂದೆ ಭಾವನ ಬಗ್ಗೆ ಹೀಗೇ ಹೇಳಿದ್ದರಂತೆ, ನಮ್ಮ ತಂದೆ ನಮ್ಮಿಬ್ಬರ ಬಗ್ಗೆ ಹೀಗೇ ಹೇಳಿದ್ದರು. ಮೇಷ್ಟರು "ಪರವಾಗಿಲ್ಲ ಬಿಡಿ, ನೋಡ್ಕೊಳ್ತೀನಿ" ಎಂದರೆ ಮಾತು ಮುಗಿಯುತ್ತಿತ್ತು. ಈ ಕೋಚ್ ಹಾಗೆ ಹೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟರು.

"ನಮ್ಮ ಕಾಲೇಜಿಗೇ ಬರಬೇಕು ಅಂತ ಇದೆಯಾ ಅವನಿಗೆ?"

"ಯಾರು ಕರೆದರೂ ಬರ್ತಾನೆ ಸರ್. ಕರೆದರೆ ಅದು ನಿಮ್ಮ ದೊಡ್ಡತನ."

ಕೋಚ್ ಕೊನೆಗೆ ಅಮ್ಮನ ಕಡೆ ನೋಡಿ, ಅಜ್ಜಿಯ ಅಭಿಪ್ರಾಯ ಏನು ಎಂದರು. ಹುಡುಗ ಅದನ್ನು ಕನ್ನಡಕ್ಕೆ ತಂದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಸುಮಾರಾಗಿ ಆಡ್ತಾನಪ್ಪ" ಎಂದರು. ಅವನು ಕಾರ್ಪೆಟ್ ನೋಡುತ್ತ ಅದನ್ನು ಹಾಗೇ ಇಂಗ್ಲಿಷಿಗೆ ಮಾಡಿದ. ಎದುರಿಗೇ ಹೊಗಳಿದರೆ ಕಣ್ಣು ಬೀಳುತ್ತದೆ ಎಂಬುದು ಅಮ್ಮನ ನಂಬಿಕೆ. ಮನೆಯವರ ಕಣ್ಣೇ ಮೊದಲು ಬೀಳುವುದಂತೆ.

ಕೋಚ್ ಕೇಸರಿಬಾತ್ ಪೂರ್ತಿ ತಿಂದು, ಕೋಡುಬಳೆಯ ಪೊಟ್ಟಣ ಹಿಡಿದುಕೊಂಡು, ತುಂಬ ಸಂತೋಷವಾಯಿತು ಎಂದು ಹೇಳಿ ಹೊರಟರು. ಭೇಟಿ ಬಹಳ ಚೆನ್ನಾಗಿ ಆಯಿತೆಂದು ನಾವು ನಾಲ್ಕು ಜನ ತೀರ್ಮಾನಿಸಿದೆವು. ಹುಡುಗ ಮಾತ್ರ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ಗೆ, ನನ್ನ ಮನೆಗೆ ವಾಪಸಾದೆ. ಕೆಲವು ದಿನದ ನಂತರ ಅಕ್ಕ ಫೋನ್ ಮಾಡಿದಳು.

"ಸ್ಕೂಲ್ ಕೋಚ್ ಕಾಲ್ ಮಾಡಿದ್ರು ಕಣೇ. 'ನೀವು ಆ ಕಾಲೇಜಿನವರಿಗೆ ಏನು ಹೇಳಿದ್ರಿ?' ಅಂತ ಕೇಳ್ತಿದಾರೆ. ಹುಡುಗ ಸೋಮಾರಿ, ಹೆದರುಪುಕ್ಕಲ, ಬರೋಕೆ ಅಷ್ಟು ಇಂಟರೆಸ್ಟ್ ಇಲ್ಲ, ಹೆತ್ತವರೇ ಹೇಳಿದ್ರು ಅಂತ ಅವರು ಬರ್ಕೊಂಡು ಹೋಗಿದಾರಂತೆ."

"ಹೇಳಿದ್ದು ನಿಜ ತಾನೇ?" ಎಂದೆ.

"ಹೇಳಿದ್ದು ನಿಜ. ಆದ್ರೆ ಹಾಗೆ ಹೇಳಿದ್ದಲ್ಲ."

ಹಿಂದಿನಿಂದ ಹುಡುಗನ ದನಿ ಕೇಳಿಸಿತು: "ಚಿಕ್ಕಮ್ಮ, ದೆ ಕಿಲ್ಡ್ ಮಿ. ವಿತ್ ಕೇಸರಿಬಾತ್."

ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಟ್ಲಾಂಟಾ ಸುತ್ತಲಿನ ಹೈಸ್ಕೂಲುಗಳ ಆಯ್ದ ಹುಡುಗರಿಗೂ ಎರಡು ಕ್ಯಾರೊಲೈನಾಗಳ ಆಯ್ದ ಹುಡುಗರಿಗೂ ಒಂದು ಆಲ್‌ಸ್ಟಾರ್ ಪಂದ್ಯವಿತ್ತು. ನಡೆಯುತ್ತಿದ್ದದ್ದು ಫೋರ್ಟ್ ಮಿಲ್ ಹತ್ತಿರವೇ, ಒಂದು ಶಾಲೆಯ ಮೈದಾನದಲ್ಲಿ. ನಮ್ಮವನು ಅಟ್ಲಾಂಟಾ ತಂಡಕ್ಕೆ ಸ್ನ್ಯಾಪರ್, ಆ ನಾರ್ತ್ ಕ್ಯಾರೊಲೈನಾದ ಹುಡುಗ ಎದುರು ತಂಡಕ್ಕೆ. ಕೋಚ್ ಇಬ್ಬರನ್ನೂ ಒಂದೇ ಕಡೆ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರಂತೆ.

ಅಕ್ಕ, ಭಾವ, ಅಮ್ಮ ಹಿಂದಿನ ದಿನವೇ ಕಾರಿನಲ್ಲಿ ನನ್ನ ಮನೆಗೆ ಬಂದರು. ಹುಡುಗ ತಂಡದ ಜೊತೆ ಹೋಟೆಲಿನಲ್ಲಿದ್ದ. ಶನಿವಾರ ಬೆಳಿಗ್ಗೆ ನಾವು ದೋಸೆ ತಿನ್ನುತ್ತಿರುವಾಗ ವಿಡಿಯೊ ಕಾಲ್ ಮಾಡಿ ಅಪ್ಪ ಅಮ್ಮನಿಗೆ ಪಾಠ ಮಾಡಿದ. ಕೋಚ್ ಎದುರಿಗೆ ಸಿಕ್ಕರೆ ಏನು ಹೇಳಬೇಕು ಎನ್ನುವುದೇ ಪಾಠ.

"ಅಪ್ಪ, ಒಂದೇ ಲೈನ್. 'ಹಿ ಈಸ್ ವೆರಿ ಕಾಮ್.' ಹೇಳಿ."

"ಹಿ ಈಸ್ ವೆರಿ ಕಾಮ್," ಎಂದರು ಭಾವ. ಒಂದು ಗಳಿಗೆ ತಡೆದು, "ಮೋಸ್ಟ್ಲಿ" ಎಂದರು.

"ನೋ ಮೋಸ್ಟ್ಲಿ, ಅಪ್ಪ."

"ಒಂದು ಮೋಸ್ಟ್ಲಿ ಇರಲಿ ಕಣೋ. ಇಲ್ಲಾಂದ್ರೆ ಜಂಬ ಅನ್ಸುತ್ತೆ."

"ಜಂಬಾನೇ ಬೇಕಾಗಿರೋದು. ಅಮ್ಮ, ಯುವರ್ ಟರ್ನ್. 'ಹಿ ವರ್ಕ್ಸ್ ಹಾರ್ಡ್.'"

ಅಕ್ಕ ಒಲೆಯ ಕಡೆ ತಿರುಗಿ, ಕಾವಲಿಗೆ ಹೇಳುವವಳಂತೆ, "ಹಿ ವರ್ಕ್ಸ್ ಹಾರ್ಡ್" ಎಂದಳು.

"ದೋಸೆಗಲ್ಲ, ಕೋಚ್‌ಗೆ ಹೇಳಬೇಕು."

"ಅವರ ಮುಖ ನೋಡ್ಕೊಂಡು ನನ್ನ ಮಗನ್ನ ನಾನೇ ಹೊಗಳೋದಾ? ಬಾಯೇ ಬರಲ್ಲ ಕಣೋ."

ಅಮ್ಮ ಚಟ್ನಿ ಬಡಿಸಿಕೊಳ್ಳುತ್ತ, "ನಂಗೆ ಇಂಗ್ಲಿಷ್ ಬರಲ್ಲ. ನಾನು ಬಚಾವು" ಎಂದರು.

ಮಧ್ಯಾಹ್ನ ಪಂದ್ಯ ಶುರುವಾಗುವ ಹೊತ್ತಿಗೆ ತುಂತುರು ಮಳೆ ಹಿಡಿದುಕೊಂಡಿತು. ಮೆಟ್ಟಿಲುಸಾಲಿನಲ್ಲಿ ಸೂರು ಇದ್ದದ್ದು ಪ್ರಕಟಣೆ ಮಾಡುವವನ ಕೋಣೆಯ ಕೆಳಗೆ ಮಾತ್ರ. ಎರಡು ತಂಡಗಳ ಮನೆಯವರೂ ಅಲ್ಲೇ ಒತ್ತಿಕೊಂಡು ಕೂತೆವು. ಅಕ್ಕನ ಪಕ್ಕದಲ್ಲಿ ಎದುರು ತಂಡದ ಬಣ್ಣದ ರಗ್ಗು ಹೊದ್ದ ಒಬ್ಬ ಹೆಂಗಸು ಕೂತರು. ಕೂತ ತಕ್ಷಣ ಮಾತಿಗೆ ಶುರುಮಾಡಿದರು. ಅವರ ಮಗನೇ ಆ ನಾರ್ತ್ ಕ್ಯಾರೊಲೈನಾದ ಸ್ನ್ಯಾಪರ್.

"ನನ್ನ ಮಗ ಚಿನ್ನ," ಎಂದರು ಆಕೆ. "ಈ ಕಡೆ ಅವನಷ್ಟು ವೇಗದ ಸ್ನ್ಯಾಪರ್ ಇನ್ನೊಬ್ಬ ಇಲ್ಲ. ಬುದ್ಧಿವಂತ. ದೇವರಂಥ ಹುಡುಗ. ಅಡುಗೆ ಕೂಡ ಮಾಡ್ತಾನೆ."

ಆಕೆ ಹೊಗಳುತ್ತ ಹೋದಂತೆ ಅಕ್ಕನಿಗೆ ಕಳವಳ ಹೆಚ್ಚಿತು. ನನ್ನ ಕಡೆ ಬಗ್ಗಿ, "ಇಷ್ಟು ಜನರ ಮಧ್ಯೆ ಹೀಗೆಲ್ಲಾ ಹೇಳ್ತಾರಲ್ಲೇ, ಪಾಪ ಆ ಹುಡುಗಂಗೆ ಏನಾದ್ರೂ ಆದ್ರೆ?" ಎಂದಳು. ಏನು ನಡೆಯುತ್ತಿದೆ ಎಂದು ಅಮ್ಮ ಕೇಳಿದರು. ಹೇಳಿದೆ. ಅಮ್ಮ ಮೈದಾನದಲ್ಲಿದ್ದ ಆ ಹುಡುಗ ಯಾರೆಂದು ತೋರಿಸಿಕೊಂಡು, ಅವನ ಕಡೆ ಎರಡು ಕೈ ನೀವಿ, ಹಣೆಯ ಪಕ್ಕಕ್ಕೆ ತಂದು ಪಟಪಟನೆ ನೆಟಿಗೆ ಮುರಿದರು.

"ಅಮ್ಮ, ಅವನು ನಮ್ಮವನಿಗೆ ಕಾಂಪಿಟಿಷನ್ನು," ಎಂದೆ.

"ಇರಲಿ. ಹೆತ್ತವಳಿಗೇ ಬುದ್ಧಿ ಇಲ್ಲ ಅಂದ್ರೆ ಮಗು ಏನು ಮಾಡುತ್ತೆ?"

ಮೊದಲ ಅರ್ಧದಲ್ಲಿ ಇಬ್ಬರು ಸ್ನ್ಯಾಪರ್‌ಗಳ ಹೆಸರೂ ಧ್ವನಿವರ್ಧಕದಲ್ಲಿ ಬರಲಿಲ್ಲ. ಚೆಂಡು ಪ್ರತಿ ಸಲವೂ ಸರಿಯಾದ ಕೈಗೆ ಹೋಯಿತು. ಮಳೆ ಜೋರಾದಂತೆ ಚೆಂಡು ಜಾರತೊಡಗಿತು. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಹುಡುಗನ ಒಂದು ಸ್ನ್ಯಾಪ್ ನೆಲಕ್ಕೆ ಬಡಿದು ಉರುಳಿತು. ಒದೆಯುವವನು ಅದನ್ನು ಹೆಕ್ಕಿಕೊಳ್ಳುವಷ್ಟರಲ್ಲಿ ನಮ್ಮ ಕಡೆಯವರು ಅವನನ್ನು ಕೆಡವಿದರು. ಧ್ವನಿವರ್ಧಕದಲ್ಲಿ ಆ ಹುಡುಗನ ಹೆಸರು ಬಂತು. ಪಕ್ಕದ ಹೆಂಗಸು ರಗ್ಗನ್ನು ಗಲ್ಲದವರೆಗೆ ಎಳೆದುಕೊಂಡರು.

ಅಕ್ಕ ಆಕೆಯ ಕೈ ಹಿಡಿದುಕೊಂಡಳು. "ಅವನ ತಪ್ಪೇ ಅಲ್ಲ. ಚೆಂಡು ಸೋಪಿನ ಹಾಗಾಗಿದೆ. ಇಲ್ಲೀವರೆಗೆ ಎಷ್ಟು ಚೆನ್ನಾಗಿ ಹಾಕಿದ ನೋಡಿ, ಒಂದೊಂದೂ ನೇರ. ಎಂಥ ಹುಡುಗ ನಿಮ್ಮವನು." ಇಂಗ್ಲಿಷಿನಲ್ಲಿ, ತಡವರಿಸದೆ, ಕೇಳಿದವರೆಲ್ಲ ನಂಬುವ ಹಾಗೆ ಹೇಳಿದಳು. ಬೆಳಿಗ್ಗೆ ಕಾವಲಿಯ ಎದುರು ಒಂದು ಸಾಲು ಹೇಳಲು ಒದ್ದಾಡಿದವಳು ಇವಳೇ.

ಆ ಹುಡುಗನ ಮುಂದಿನ ಸ್ನ್ಯಾಪ್ ಸರಿಯಾಗಿಯೇ ಹೋಯಿತು, ಆದರೆ ನಿಧಾನವಾಗಿ, ಅಳೆದು ಸುರಿದು ಕಳಿಸಿದ ಹಾಗೆ.

ಅನಂತರ ನಮ್ಮವನ ಸರದಿ. ಅವನ ಚೆಂಡು ಒದೆಯುವವನ ತಲೆಯ ಮೇಲೆ ಹಾರಿತು. ಒದೆಯುವ ಹುಡುಗ ಎಗರಿ ಬೆರಳ ತುದಿಯಲ್ಲಿ ತಡೆದು, ಹೇಗೋ ಒದ್ದ. ಅದು ಪಕ್ಕದ ಗೆರೆ ದಾಟಿ ಹೋಯಿತು. ಧ್ವನಿವರ್ಧಕದಲ್ಲಿ ನಮ್ಮ ಹುಡುಗನ ಹೆಸರು, ಅರ್ಧಂಬರ್ಧ ಉಚ್ಚಾರದಲ್ಲಿ, ಕೇಳಿಸಿತು.

"ಇವನ ಹೆಸರು ಹೇಳಿದ್ರಲ್ಲ," ಎಂದರು ಅಮ್ಮ. "ಒಳ್ಳೇದಾಯ್ತಾ?"

"ಇಲ್ಲಮ್ಮ. ಕೆಟ್ಟದಾಯ್ತು."

"ಬೆಳಿಗ್ಗೆ ಅಷ್ಟೊಂದು ಹೊಗಳಿದ್ರಲ್ಲ, ಅದಕ್ಕೇ."

ಪಕ್ಕದ ಹೆಂಗಸು ಈಗ ಅಕ್ಕನಿಗೆ ಸಮಾಧಾನ ಹೇಳಿದರು. ಅಕ್ಕ ಕೇಳಲಿಲ್ಲ. "ನಂಗೊತ್ತಿತ್ತು. ಕೈ ಒರೆಸ್ಕೊಳ್ಳಲ್ಲ ಅವನು. ಟವೆಲ್ ಸೊಂಟಕ್ಕೆ ಸಿಗಿಸ್ಕೋ ಅಂತ ಎಷ್ಟು ಸಲ ಹೇಳಿದೀನಿ. ತಪ್ಪು ಮಳೆ ಮೇಲೆ ಯಾಕೆ ಹಾಕಬೇಕು, ಅಜಾಗರೂಕತೆ ಅಷ್ಟೇ." ಇದೂ ಇಂಗ್ಲಿಷಿನಲ್ಲೇ, ಇದೂ ಅಷ್ಟೇ ಸ್ಪಷ್ಟವಾಗಿ. ಅದೇ ಮಳೆ, ಅದೇ ಚೆಂಡು.

ಕೆಳಗಿನ ಸಾಲಿನಲ್ಲಿ ಮಳೆ ಕೋಟಿನ ಟೋಪಿ ಮುಖದವರೆಗೆ ಎಳೆದುಕೊಂಡು ಕೂತಿದ್ದ ಒಬ್ಬ ವ್ಯಕ್ತಿಯ ಭುಜ ಅಲುಗಿತು. ಕೆಮ್ಮುತ್ತಿದ್ದಾರೆ ಎಂದುಕೊಂಡೆ.

ನಮ್ಮ ಹುಡುಗ ಬೆಂಚಿಗೆ ಬಂದು ನೀರು ಕುಡಿದ. ಒದೆಯುವವನ ಹತ್ತಿರ ಹೋಗಿ ಏನೋ ಹೇಳಿದ, ಇಬ್ಬರೂ ನಕ್ಕರು. ಆಮೇಲೆ ಬೆಂಚಿನ ಹಿಂದೆ ಅಭ್ಯಾಸಕ್ಕೆಂದು ಕಟ್ಟಿದ್ದ ಬಲೆಯ ಮುಂದೆ ಬಗ್ಗಿ, ಎಂದಿನ ವೇಗದಲ್ಲೇ ಒಂದಷ್ಟು ಸ್ನ್ಯಾಪ್ ಹಾಕಿದ. ಭಾವ ನನ್ನ ಪಕ್ಕದಲ್ಲಿ ಕೂತು, ತಮಗೇ ಗೊತ್ತಿಲ್ಲದೆ, ಚೆಂಡು ಹಿಡಿಯುವವರಂತೆ ಎರಡು ಕೈ ಎದೆಯ ಮುಂದೆ ಜೋಡಿಸಿಕೊಂಡಿದ್ದರು. ಮತ್ತೆ ಒದೆಯುವ ಸಂದರ್ಭ ಬಂದಾಗ ನಮ್ಮ ತಂಡ ತನ್ನ ಗೋಲಿನ ಗೆರೆಯ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಈಗ ಚೆಂಡು ತಪ್ಪಿದರೆ ಪಂದ್ಯವೇ ಹೋಗುತ್ತಿತ್ತು. ಹುಡುಗ ಬಗ್ಗಿದ. ಚೆಂಡು ಹೋದದ್ದು ನನಗೆ ಕಾಣಿಸಲಿಲ್ಲ. ಒದೆಯುವವನ ಕೈಯಲ್ಲಿ ಅದು ಇದ್ದದ್ದು ಮಾತ್ರ ಕಾಣಿಸಿತು. ಭಾವ ಕೈ ಇಳಿಸಿದರು. ಒದೆತ ದೂರ ಹೋಯಿತು, ಜನ ಒದ್ದವನ ಹೆಸರು ಕೂಗಿದರು. ಕೊನೆಯವರೆಗೂ ನಮ್ಮವನ ಹೆಸರು ಮತ್ತೆ ಬರಲಿಲ್ಲ. ಪಂದ್ಯವನ್ನು ಅಟ್ಲಾಂಟಾ ತಂಡ ಗೆದ್ದಿತು.

ಸೀಟಿ ಊದಿದ ಮೇಲೆ ಕೆಳಗಿನ ಸಾಲಿನ ವ್ಯಕ್ತಿ ಎದ್ದು, ಟೋಪಿ ಹಿಂದಕ್ಕೆ ಸರಿಸಿ, ನಮ್ಮ ಕಡೆ ತಿರುಗಿದರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅದೇ ಕೋಚ್.

ಭಾವ ತಟ್ಟನೆ ಎದ್ದು ನಿಂತು, ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ಹಿ ಈಸ್ ವೆರಿ ಕಾಮ್" ಎಂದರು. ಮೋಸ್ಟ್ಲಿ ಸೇರಿಸಲಿಲ್ಲ.

"ಗೊತ್ತು ಸರ್. ಈಗ ತಾನೇ ನೋಡಿದೆ," ಎಂದರು ಕೋಚ್. ಅಕ್ಕನ ಕಡೆ ನೋಡಿದರು. "ಮೇಡಂ, ನಾನು ಅರ್ಧ ಆಟ ನಿಮ್ಮ ಮುಂದೆಯೇ ಕೂತಿದ್ದೆ. ಈಕೆಯ ಮಗ ಚೆಂಡು ಕೆಡಿಸಿದಾಗ ನೀವು ಹೇಳಿದ್ದನ್ನೂ ಕೇಳಿದೆ, ನಿಮ್ಮ ಮಗ ಕೆಡಿಸಿದಾಗ ಹೇಳಿದ್ದನ್ನೂ ಕೇಳಿದೆ. ನಿಮ್ಮ ಮನೆಯಲ್ಲಿ ಕೇಳಿದ್ದನ್ನ ನಾನು ಹಾಗೇ ಬರ್ಕೋಬಾರದಿತ್ತು."

"ಕೈ ಒರೆಸ್ಕೊಳ್ಳಲ್ಲ ಅನ್ನೋದು ನಿಜ," ಎಂದಳು ಅಕ್ಕ.

"ಅದನ್ನ ನಾನು ಕಲಿಸ್ತೀನಿ."

ನಮ್ಮ ಮೇಷ್ಟರು ಹೇಳಬೇಕಾಗಿದ್ದ ಮಾತು ಹತ್ತು ದಿನ ತಡವಾಗಿ ಬಂತು. ಭಾವ ಸಮಾಧಾನದಿಂದ ಕೂತರು.

ಕೆಸರು ಮೆತ್ತಿದ ಹುಡುಗ ಮೆಟ್ಟಿಲು ಹತ್ತಿ ಬಂದ. ಕೋಚ್ ಅವನಿಗೆ ನೇರವಾಗಿ ಹೇಳಿದರು: ತಂಡದಲ್ಲಿ ಜಾಗ ಖಾತ್ರಿ, ಸ್ಕಾಲರ್‌ಶಿಪ್ ಮಾತು ಮೊದಲ ವರ್ಷ ನೋಡಿ ಆಮೇಲೆ, ಬರ್ತೀಯಾ? ಹುಡುಗ "ಯೆಸ್ ಸರ್" ಎಂದ. ಭಾವ ಬಾಯಿ ತೆರೆದರು. ಹುಡುಗ, "ಅಪ್ಪ, ಪ್ಲೀಸ್" ಎಂದ. ಭಾವ ಮುಚ್ಚಿದರು.

"ಈ ಸಲ ಅಜ್ಜಿ ಏನಂತಾರೆ?" ಎಂದರು ಕೋಚ್.

ಅಮ್ಮ ಮೊಮ್ಮಗನನ್ನು ಹೋದ ಸಲದಂತೆಯೇ ಮೇಲಿಂದ ಕೆಳಗೆ ನೋಡಿದರು. "ಪರವಾಗಿಲ್ಲ" ಎಂದರು.

"ಕೋಚ್," ಎಂದ ಹುಡುಗ, "ಲಾಸ್ಟ್ ಟೈಮ್ ಇಟ್ ವಾಸ್ ಟೂ ಸ್ಟಾರ್ಸ್. ದಿಸ್ ಈಸ್ ಫೈವ್."

ಪಕ್ಕದ ಹೆಂಗಸು ಅಕ್ಕನನ್ನು ತಬ್ಬಿಕೊಂಡು ಹೊರಟರು. ಅವರ ಮಗನಿಗೆ ಆಮೇಲೆ ತನ್ನ ರಾಜ್ಯದಲ್ಲೇ ಒಂದು ಕಾಲೇಜಿನ ತಂಡದಲ್ಲಿ ಜಾಗ ಸಿಕ್ಕಿತು. ಅಕ್ಕನ ಫೋನಿಗೆ ಈಗಲೂ ಅವನ ವಿಡಿಯೊಗಳು ಬರುತ್ತವೆ. ಅಕ್ಕ ಅವನ್ನೆಲ್ಲ ಬಾಯಿ ತುಂಬ ಹೊಗಳುತ್ತಾಳೆ.

ಸಂಜೆ ನನ್ನ ಮನೆಗೆ ಬಂದಾಗ ಅಮ್ಮ ಹುಡುಗನನ್ನು ಒಳಗೆ ಬಿಡಲಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ತರಿಸಿಕೊಂಡು ಬಾಗಿಲಲ್ಲೇ ನಿಲ್ಲಿಸಿದರು. ದೃಷ್ಟಿ ತೆಗೆಯಬೇಕು, ಆದರೆ ಅವನ ತಲೆ ಅಮ್ಮನ ಕೈಗೆ ಎಟುಕುತ್ತಿರಲಿಲ್ಲ. ಅವನು ಹೊಸಿಲ ಮುಂದೆ ಕಾಲು ಅಗಲಿಸಿ, ಸ್ನ್ಯಾಪ್‌ಗೆ ಬಗ್ಗುವ ಹಾಗೆ ಬಗ್ಗಿದ. ಅಮ್ಮ ಮುಷ್ಟಿಯನ್ನು ಅವನ ತಲೆಯ ಸುತ್ತ ನಿಧಾನವಾಗಿ ಸುತ್ತಿಸತೊಡಗಿದರು. ಯಾರ ಯಾರ ಕಣ್ಣು ಎಂದು ಹೇಳಿಕೊಳ್ಳುತ್ತ ಹೋದರು. ಪ್ರಕಟಣೆ ಮಾಡಿದವನ ಕಣ್ಣು, ಆ ರಗ್ಗಿನ ಹೆಂಗಸಿನ ಕಣ್ಣು, ಕೋಚ್ ಕಣ್ಣು, ಅಪ್ಪನ ಕಣ್ಣು, ಅಮ್ಮನ ಕಣ್ಣು.

"ಅಜ್ಜಿ, ಬೇಗ. ಬೆನ್ನು ನೋಯ್ತಿದೆ."

ಅಮ್ಮ ಕೈ ನಿಲ್ಲಿಸದೆ ನಮ್ಮ ಕಡೆ ನೋಡಿದರು. "ಇಷ್ಟು ಹೊತ್ತು ಬಗ್ಗೋಕೆ ಆಗಲ್ವಂತೆ. ಇವನನ್ನ ಕಾಲೇಜಿನವರು ಕರೆದ್ರಂತೆ."